ನೀವು ಮನುಷ್ಯರೇ?

ಸಾರಂಗಪಾಣಿಯ ಅತ್ತೆ ಕೋದೈ ಅಮ್ಮಾಳ್ ಪ್ರತಿ ಮಾರ್ಗಳಿ ಮಾಸದಲ್ಲೂ ಸಂಗೀತ ಕಛೇರಿ ಕೇಳಲು ತಂಜಾವೂರಿನಿಂದ ಮೈಲಾಪುರದ ಅಳಿಯನ ಮನೆಗೆ ಬಂದಿಳಿಯುತ್ತಿದ್ದರು. ಈ ಸಲ ಮುಂದಿನ ಸಾಲಿನ ಸೀಟೇ ಆಗಬೇಕೆಂದು ಹೇಳಿಕಳಿಸಿದ್ದರು. ಕಛೇರಿ ನಡೆಸುವ ಸಂಗೀತ ಸಭಾದ ಟಿಕೆಟ್ ಜಾಲತಾಣ ಕಟ್ಟಿದವನೇ ಅಳಿಯ. "ಅದೇನು ಮಹಾ" ಎಂದುಬಿಟ್ಟಿದ್ದ.

ಟಿಕೆಟ್ ಮಾರಾಟ ಸಂಜೆ ಆರಕ್ಕೆ. ಬೆಳಿಗ್ಗೆ ಸಭಾದ ಕಾರ್ಯದರ್ಶಿ ನಂಬಿಯವರು ರಂಗನಾಯಕಿ ಮಾಮಿಯನ್ನು ಆಫೀಸಿಗೆ ಕರೆತಂದರು. ಮಾಮಿಗೆ ಹುಟ್ಟಿನಿಂದ ಕಣ್ಣು ಕಾಣದು.

"ಕಣ್ಣು ಕಾಣದೋರಿಗೂ ಸೈಟ್ ನಡೆಯುತ್ತಾ ಅಂತ ಇವ್ರು ಪರೀಕ್ಷೆ ಮಾಡ್ದೆ ಮಾರಾಟ ಶುರು ಮಾಡೋ ಹಾಗಿಲ್ಲ."

"ನಾನೇ ಕಣ್ಣಿಗೆ ಟವೆಲ್ ಕಟ್ಕೊಂಡು ನೋಡಿದೀನಿ ಸಾರ್. ಎಲ್ಲ ಸರಿಯಾಗಿದೆ."

"ಟವೆಲ್ ಸಂದೀಲಿ ಇಣುಕಲಿಲ್ಲ ತಾನೆ?" ಎಂದರು ಮಾಮಿ. ಪಾಣಿ ಕುರ್ಚಿ ಎಳೆದುಕೊಟ್ಟ.

ಮಾಮಿ ಕಂಪ್ಯೂಟರ್ ಮುಂದೆ ಕೂತರು. ಪರದೆಯನ್ನು ಓದಿ ಹೇಳುವ ದನಿ ಕಾದ ಎಣ್ಣೆಗೆ ಸಾಸಿವೆ ಬಿದ್ದಂತೆ ಚಟಪಟ ಶುರುವಾಯಿತು. ಪಾಣಿಗೆ ಒಂದಕ್ಷರ ತಿಳಿಯಲಿಲ್ಲ. ಮಾಮಿಯ ಬೆರಳುಗಳು ಅದಕ್ಕೂ ಮುಂದೆ ಓಡುತ್ತಿದ್ದವು. ತಾನು ಕಟ್ಟಿದ ಮನೆಯಲ್ಲಿ ತನಗೇ ಗೊತ್ತಿಲ್ಲದ ಕೋಣೆಗಳನ್ನು ಆಕೆ ತೆರೆಯುತ್ತಿದ್ದಾರೆ ಅನ್ನಿಸಿ ಅವನಿಗೆ ಮೈ ಜುಮ್ಮೆಂದಿತು. ನಂಬಿಯವರ ಕಾಫಿ ಆರಿಹೋಯಿತು.

ಓಟ ನಿಂತದ್ದು ಒಂದೇ ಕಡೆ. ಯಂತ್ರಗಳು ಟಿಕೆಟ್ ದೋಚದಿರಲೆಂದು ಪಾಣಿ ಇಟ್ಟಿದ್ದ ಕಾವಲು: 'ನೀವು ಮನುಷ್ಯರೇ? ವೀಣೆ ಇರುವ ಚಿತ್ರಗಳನ್ನು ಒತ್ತಿ.'

"ಏನಪ್ಪಾ, ಮನುಷ್ಯಳು ಅನ್ನಿಸ್ಕೊಳ್ಳೋಕೆ ಕಣ್ಣು ಬೇಕಾ?"

ಪಾಣಿಗೆ ನಿಜಕ್ಕೂ ನಾಚಿಕೆಯಾಯಿತು.

"ಹಾಡು ಕೇಳಿಸಿ ಯಾವ ರಾಗ ಅಂತ ಕೇಳೋಣ," ಎಂದು ನಂಬಿ ಕುಣಿದರು. "ನಮ್ಮ ಸಭಾಕ್ಕೆ ಬರೋರಲ್ಲಿ ರಾಗ ಗೊತ್ತಿಲ್ದೋರು ಯಾರಿದಾರೆ?"

"ಚಿತ್ರಾನೂ ಇರ್ಲಿ," ಎಂದರು ಮಾಮಿ. "ಕಿವಿ ಕೇಳದೋರೂ ಮನೆಯವ್ರಿಗೆ ಟಿಕೆಟ್ ತಗೋತಾರೆ."

ಮಾಮಿಯೇ ಹತ್ತಾರು ರಾಗ ಹಾಡಿ, ಉತ್ತರಗಳನ್ನೂ ತಾವೇ ಟೈಪ್ ಮಾಡಿಕೊಟ್ಟರು. ಗಡಿಯಾರವೂ ಮೆತ್ತಗೆ ನಡೆದಂತಿತ್ತು. ಆದರೆ ಎರಡನ್ನೂ ಕೂಡಿಸುವುದು ತಲೆನೋವೆಂದು ಪಾಣಿ ಚಿತ್ರ ಕಿತ್ತುಹಾಕಿ ರಾಗವನ್ನಷ್ಟೇ ಇಟ್ಟ.

ಆರು ಗಂಟೆಗೆ ಮನೆಯಲ್ಲಿ ಕೂತು ಮುಂದಿನ ಸಾಲು ಒತ್ತಿದ. ಮಾಮಿಯ ಹಾಡು ಕೇಳಿಬಂತು, ಪರದೆಯ ಮೇಲೆ 'ಇದು ಯಾವ ರಾಗ?' ಇಷ್ಟು ವರ್ಷ ಪಾಣಿ ಸಭಾಕ್ಕೆ ಹೋದದ್ದು ಕ್ಯಾಂಟೀನಿನ ವಡೆಗಾಗಿ. ತೋಡಿ ಎಂದ, ತಪ್ಪು. ಕಲ್ಯಾಣಿ ಎಂದ; ತಪ್ಪು. ರಾಗದ ಹೆಸರು ಕೇಳಲು ಮಾಮಿಗೆ ಫೋನ್ ಮಾಡಿದ.

"ಪಾಣೀ! ಮುಂದಿನ ಸಾಲು ಪೂರ್ತಿ ನಮ್ಮ ಅಂಧರ ಸಂಘದವ್ರೇ ತಗೊಂಡ್ವಿ ಕಣಪ್ಪ! ಯಾರನ್ನೂ ಬೇಡದೆ ಟಿಕೆಟ್ ತಗೊಂಡಿದ್ದು ಇದೇ ಮೊದಲು. ನಿನ್ನ ಹೊಟ್ಟೆ ತಣ್ಣಗಿರ್ಲಿ!"

ಪಾಣಿಯ ಕಣ್ಣು ತುಂಬಿತು, ಅರ್ಧ ಸಂತೋಷಕ್ಕೆ, ಅರ್ಧ ಅತ್ತೆಯ ಭಯಕ್ಕೆ. ಸುಮ್ಮನಿರಲಾರದೆ, ಹಿಂದಿನ ಸಾಲಾದರೂ ಸಿಗಲೆಂದು ಭೈರವಿ ಎಂದು ಒತ್ತಿದ.

ಬೆನ್ನ ಹಿಂದೆ ಪೆಟ್ಟಿಗೆ ಇಳಿಸಿದ ಸದ್ದಾಯಿತು. ಅತ್ತೆ ಕನ್ನಡಕ ಏರಿಸಿ ಪರದೆಯನ್ನು ಗಟ್ಟಿಯಾಗಿ ಓದಿದರು: "ಕ್ಷಮಿಸಿ. ನೀವು ಮನುಷ್ಯರೆಂದು ಖಾತ್ರಿಯಾಗಲಿಲ್ಲ."

ಆಮೇಲೆ ಬಾಗಿಲು ತೆರೆದ ಮಗಳ ಕಡೆ ತಿರುಗಿದರು.

"ಇವ್ನು ಹೆಣ್ಣು ನೋಡೋಕೆ ಬಂದ ದಿನಾನೇ ನಾನು ಹೇಳ್ಲಿಲ್ವಾ?"