ಒಂದು ಡಬ್ಬಿ, ಮೂರು ಅಂಗಡಿ

ಟೇಲರ್ ಉಸ್ಮಾನ್‌ಸಾಬ್ ಇಸ್ತ್ರಿ ಪೆಟ್ಟಿಗೆಯ ವೈರನ್ನು ತನ್ನ ಅಂಗಡಿಯಲ್ಲೇ ಸಿಕ್ಕಿಸಿದ್ದರೆ ಈ ರಂಪವೇ ಇರುತ್ತಿರಲಿಲ್ಲ. ಸಿಂಧನೂರಿನಲ್ಲಿ ಕರೆಂಟ್ ಹೋಗಿತ್ತು, ಗಿರಾಕಿಯ ಪ್ಯಾಂಟು ಅವಸರದ್ದು. ಪಕ್ಕದ ವೀರೇಂದ್ರನ ಕಂಪ್ಯೂಟರ್ ಅಂಗಡಿಯಲ್ಲಿ ಯುಪಿಎಸ್ ಮೇಲೆ ದೀಪ ಉರಿಯುತ್ತಿತ್ತು. “ಒಂದ್ ನಿಮಿಷ ಹಚ್ಚತೀನಿ” ಎಂದವನೇ ಹಚ್ಚಿಬಿಟ್ಟ. ಇಸ್ತ್ರಿಯ ಭಾರ ತಾಳದೆ ಯುಪಿಎಸ್ ಟಪ್ ಎಂದಿತು, ಎಲ್ಲವೂ ಆರಿತು.

ಆರಿದ್ದು ಒಂದೇ ಕಂಪ್ಯೂಟರ್, ನಿಂತದ್ದು ಮೂರು ವ್ಯಾಪಾರ. ಸಿಂಧನೂರಿನ ಅಮರಗುಂಡಪ್ಪನ ಅಕ್ಕಿ ಅಂಗಡಿ, ಲಿಂಗಸುಗೂರಿನ ಸಿದ್ದಲಿಂಗೇಶನ ಬಟ್ಟೆ ಅಂಗಡಿ, ಮಸ್ಕಿಯ ಶಿವಗಂಗಾಳ ಕಿರಾಣಿ ಅಂಗಡಿ, ಈ ಮೂರರ ಬಿಲ್ಲು-ಲೆಕ್ಕದ ಸರ್ವರುಗಳೂ ಆ ಒಂದೇ ಡಬ್ಬಿಯೊಳಗೆ ವರ್ಚುವಲ್ ಮಷೀನುಗಳಾಗಿ, ಅಂದರೆ ಒಂದೇ ಕಂಪ್ಯೂಟರಿನೊಳಗಿನ ಮೂರು ತೋರಿಕೆಯ ಕಂಪ್ಯೂಟರುಗಳಾಗಿ ಓಡುತ್ತಿದ್ದವು. ಮೂವರೂ ಒಡಹುಟ್ಟಿದವರು. ಅಪ್ಪ ತೀರಿಕೊಂಡ ಮೇಲೆ ಪಾಲಾಗಿ ಮಾತು ಬಿಟ್ಟವರು. “ನನ್ನ ಲೆಕ್ಕ ಅವರ ಲೆಕ್ಕದ ಬಾಜೂಕ ಇರಬಾರದು” ಎಂದು ಒಬ್ಬೊಬ್ಬರೂ ಕರಾರು ಹಾಕಿದ್ದರು. “ನಿಮ್ಮದು ಬ್ಯಾರೇನ ಕಂಪ್ಯೂಟರ್ ರೀ” ಎಂದು ವೀರೇಂದ್ರ ಮೂವರಿಗೂ ಹೇಳಿದ್ದ. ಪಾಪ, ಆ ಮೂರು ಗಿರಾಕಿಗಳ ತಿಂಗಳ ಬಾಡಿಗೆಯಿಂದಲೇ ಅವನ ಅಂಗಡಿ ನಡೆಯುತ್ತಿತ್ತು.

ಕರೆಂಟ್ ಬಂತು, ಡಬ್ಬಿ ಎದ್ದಿತು, ಒಳಗಿನ ಮೂರೂ ಏಳಲಿಲ್ಲ. ಡಿಸ್ಕಿನ ತಪಾಸಣೆ ಆಮೆಯಂತೆ ತೆವಳತೊಡಗಿತು. ಫೋನು ಒಂದೇ ಸಮ ಬಡಿದುಕೊಂಡಾಗ ವೀರೇಂದ್ರ ಹೆದರಿ ಅದನ್ನೂ ಆರಿಸಿದ. ಅಲ್ಲೇ ಕೆಟ್ಟ. ಮಧ್ಯಾಹ್ನದೊಳಗೆ ಮೂವರೂ ಖುದ್ದಾಗಿ ಬಂದಿಳಿದರು.

ಇದ್ದದ್ದು ಒಂದೇ ಬೆಂಚು. ಅಣ್ಣ ಅಮರಗುಂಡಪ್ಪ ಈ ತುದಿಗೆ, ತಮ್ಮ ಸಿದ್ದಲಿಂಗೇಶ ಆ ತುದಿಗೆ, ನಡುವೆ ತಂಗಿ ಶಿವಗಂಗಾ ಸೆರಗು ಬಿಗಿದು ಗೋಡೆ ನೋಡುತ್ತ ಕುಳಿತಳು.

“ನಂದು ಯಾವುದಪ್ಪಾ ಇದರಾಗ?” ಅಮರಗುಂಡಪ್ಪ ಕೇಳಿದ.

ವೀರೇಂದ್ರ ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದ ಉಸ್ಮಾನ್‌ಸಾಬ್ ಉಪಕಾರ ಮಾಡಿದ: “ಮೂರೂ ಒಂದ ಡಬ್ಬ್ಯಾಗ ಅದಾವ್ರೀ ಸಾವ್ಕಾರ್ರ! ಅದು ಆರಿದ್ರ ಮೂರೂ ಖತಂ!”

“ಏನೋ ವೀರೇಂದ್ರ, ಇವರ ಸಂಗಾಟ ನನ್ನ ಕೂಡಿಹಾಕೀಯೇನು?” ಶಿವಗಂಗಾ ಸಿಡುಕಿದಳು.

“ಇಲ್ರೀ ಅಕ್ಕಾರ, ಒಳಗ ಗ್ವಾಡಿ ಅದಾವ,” ವೀರೇಂದ್ರ ಬೆವರು ಒರೆಸಿಕೊಂಡ. “ಮನಿ ಒಂದ, ಖೋಲಿ ಮೂರು. ಒಬ್ಬರ ಖೋಲಿ ಇನ್ನೊಬ್ಬರಿಗೆ ಕಾಣಂಗಿಲ್ಲ.”

ಉಸ್ಮಾನ್‌ಸಾಬ್ ಮೆಲ್ಲಗೆ ಹೋಗಿ ಚಹಾ ತರಿಸಿದ.

“ಮಸ್ಕ್ಯಾಗ ಅಪ್ಪನ ಅಂಗಡಿನೂ ಹಿಂಗ ಇತ್ತು,” ಅಮರಗುಂಡಪ್ಪ ಕಪ್ಪಿನೊಳಗೆ ನೋಡುತ್ತ ಹೇಳಿದ. “ಮುಂದ ಅಕ್ಕಿ, ನಡುವ ಬಟ್ಟಿ-ಅರಿವಿ, ಹಿಂದ ಬೆಲ್ಲ. ಅವ್ವ ಕಳಸೋ ಬುತ್ತಿ ಮಾತ್ರ ಒಂದ.”

“ಆ ಬೆಲ್ಲ ಕದ್ದು ತಿಂದಾಕಿ ಇಕಿ,” ಸಿದ್ದಲಿಂಗೇಶ ತಂಗಿಯತ್ತ ಗದ್ದ ಎತ್ತಿದ. “ಹೊಡತ ತಿಂದಾವ ನಾನು.”

ಶಿವಗಂಗಾ ಕಿಸಕ್ಕೆಂದು ನಕ್ಕಳು. ಮರುಗಳಿಗೆಯೇ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಪುಂಡಿಪಲ್ಯ, ರೊಟ್ಟಿ ಮಾಡಿ ಎಷ್ಟ್ ಸಲ ದಾರಿ ನೋಡೀನಿ ಗೊತ್ತೇನಣ್ಣಾ? ನೀವು ಬರಲೇ ಇಲ್ಲ.”

ಆಮೇಲೆ ಮಾತು ನಿಲ್ಲಲಿಲ್ಲ. ಅಪ್ಪನ ತಕ್ಕಡಿ, ಅವ್ವನ ಬೈಗುಳ, ಬೆಲ್ಲದ ಚೀಲದ ಮೇಲಿನ ನಿದ್ದೆ, ಎಲ್ಲವೂ ಬಂದವು. ಕೇಳುತ್ತಿದ್ದ ವೀರೇಂದ್ರನ ಎದೆಯೂ ಹಗುರಾಯಿತು. ಮೂವರೂ ಒಂದಾದರು, ಇನ್ನು ಗಿರಾಕಿ ಕಳೆದುಕೊಳ್ಳುವ ಹೆದರಿಕೆಯಿಲ್ಲ ಎಂದುಕೊಂಡ.

ಸಂಜೆಗೆ ಪರದೆ ಬೆಳಗಿತು. “ಎದ್ದಾವ್ರೀ! ಮೂರೂ ಎದ್ದಾವ!” ಎಂದು ವೀರೇಂದ್ರ ಕೂಗಿದ.

“ಮೂರು ಯಾಕ ಬೇಕು?” ಅಮರಗುಂಡಪ್ಪ ತಂಗಿಯ ತಲೆ ಸವರುತ್ತ ಎದ್ದ. “ನಡುವಿನ ಗ್ವಾಡಿ ಕೆಡವಿಬಿಡು ವೀರೇಂದ್ರ. ಇನ್ ಮ್ಯಾಲೆ ಮೂರೂ ಅಂಗಡಿಗೆ ಅಪ್ಪನ ಹೆಸರು, ವ್ಯಾಪಾರ ಒಂದ. ನಿನಗೂ ಮೂರರ ಬದಲಿ ಒಂದ ಗಿರಾಕಿ, ಕೆಲಸ ಹಗುರಾತು ನೋಡು!”

ವೀರೇಂದ್ರ ಮನೆಗೆ ಬಂದಾಗ ಹೆಂಡತಿ ಭಾರತಿ ಕೇಳಿದಳು: “ಇವತ್ತು ಅಂಗಡಿಗೆ ಯಾರರ ಬಂದಿದ್ರೇನು?”

“ಮೂರು ಗಿರಾಕಿ ಬಂದಿದ್ರು,” ವೀರೇಂದ್ರ ಚಪ್ಪಲಿ ಬಿಡುತ್ತ ಹೇಳಿದ. “ಒಬ್ಬರಾಗಿ ಹೋದ್ರು.”