ಕಂಡಕ್ಟರ್ ಯಾಕೆ ಟಿಕೆಟ್ ಕೇಳಲಿಲ್ಲ?

ನನ್ನ ಚಿಕ್ಕಮ್ಮನ ಜೊತೆ ದೆವ್ವದ ಸಿನಿಮಾಕ್ಕೆ ಹೋದರೆ ಹೆದರುವುದು ಸಾಧ್ಯವೇ ಇಲ್ಲ. ಹೆದರಲು ಅವಳು ಬಿಡಬೇಕಲ್ಲ! ನಾನು ಮಾತ್ರವಲ್ಲ, ಹಿಂದಿನ ಸಾಲು ಮುಂದಿನ ಸಾಲಿನವರೂ ಹೆದರದ ಹಾಗೆ ನೋಡಿಕೊಳ್ಳುವ ಶಕ್ತಿ ಅವಳಿಗಿದೆ.

ಇಪ್ಪತ್ತೆಂಟು ವರ್ಷ ಪೀಣ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಚೆಕಿಂಗ್ ಮಾಡಿದವಳು ಅವಳು. ಹೊಲಿದು ಬಂದ ಅಂಗಿಯ ಒಳಮಗ್ಗುಲನ್ನು ಹೊರಗೆ ಮಾಡಿ, ಎಲ್ಲಿ ಹೊಲಿಗೆ ಬಿಟ್ಟಿದೆ, ಎಲ್ಲಿ ದಾರ ಜೋತಾಡುತ್ತಿದೆ ಎಂದು ಹುಡುಕಿ ಅಲ್ಲೊಂದು ಕೆಂಪು ಸ್ಟಿಕ್ಕರ್ ಅಂಟಿಸುವುದು ಕೆಲಸ. ಕೆಲಸ ಬಿಟ್ಟು ಎರಡು ವರ್ಷವಾಯಿತು. ಕಣ್ಣು ಮಾತ್ರ ಇನ್ನೂ ಡ್ಯೂಟಿಯಲ್ಲಿದೆ. ನನ್ನ ಮದುವೆಯಲ್ಲಿ ಅಕ್ಷತೆ ಹಾಕಲು ಮಂಟಪ ಹತ್ತಿದವಳು ವರನ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದಳು. ಹಿರಿಯರು, ಏನೋ ಹಿತವಚನ ಎಂದು ಎಲ್ಲರೂ ಅಂದುಕೊಂಡೆವು. "ಎಡಗೈ ತೋಳಲ್ಲಿ ಒಂದು ದಾರ ನೇತಾಡ್ತಿದೆ. ಎಳೀಬೇಡಿ, ಪೂರ್ತಿ ಬಿಚ್ಕೊಂಡ್ಬಿಡತ್ತೆ" ಅಂದಿದ್ದಳಂತೆ! ತಾಳಿ ಕಟ್ಟುವಾಗ ನನ್ನ ಗಂಡನ ಕೈ ನಡುಗಿದ್ದು ಭಾವುಕತೆಯಿಂದ ಎಂದು ನಾನು ಎಷ್ಟೋ ದಿನ ನಂಬಿಕೊಂಡಿದ್ದೆ.

ಇಂಥವಳನ್ನು ಒಂದು ಭಾನುವಾರದ ಮಧ್ಯಾಹ್ನ ತುಮಕೂರು ರಸ್ತೆಯ ಥಿಯೇಟರಿಗೆ ಕರೆದುಕೊಂಡು ಹೋದದ್ದು ನನ್ನದೇ ತಪ್ಪು. ಗಂಡ ಹೆಂಡತಿ ಹಳೆಯ ಮನೆಯೊಂದಕ್ಕೆ ಬಾಡಿಗೆಗೆ ಬರುತ್ತಾರೆ, ಆ ಮನೆಯ ಬಾವಿಯಲ್ಲಿ ಒಂದು ಹೆಣ್ಣುದೆವ್ವ ಇರುತ್ತದೆ, ಇಂಥದ್ದೇ ಕತೆ. ಅರ್ಧ ಗಂಟೆ ಕಾಯಿಸಿದ ಮೇಲೆ ದೆವ್ವ ಬಾವಿಯಿಂದ ಎದ್ದು ಬಂತು. ಥಿಯೇಟರಿಗೆ ಥಿಯೇಟರೇ ಉಸಿರು ಬಿಗಿಹಿಡಿಯಿತು.

"ನೋಡೇ, ದೆವ್ವದ ಸೀರೆಗೆ ಫಾಲ್ ಹಾಕಿದಾರೆ!" ಅಂದಳು ಚಿಕ್ಕಮ್ಮ.

ಪಿಸುಮಾತು ಎಂದು ಅವಳ ನಂಬಿಕೆ. ಮೆಷಿನ್ನುಗಳ ಸದ್ದಿನ ನಡುವೆ ಮಾತಾಡಿ ಅಭ್ಯಾಸವಾದ ಗಂಟಲು. "ಬಾವಿಯಿಂದ ಬಂದಿದಾಳೆ, ಇಸ್ತ್ರಿ ಒಂಚೂರೂ ಕೆಟ್ಟಿಲ್ಲ!" ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಲ್ಲಿಂದ ಮುಂದೆ ದೆವ್ವ ಬಂದಾಗಲೆಲ್ಲ ಜನ ಸೀರೆಯ ಅಂಚನ್ನೇ ನೋಡತೊಡಗಿದರು. ಪಾಪ, ಆ ದೆವ್ವ ಎಷ್ಟು ಕಿರುಚಿದರೇನು ಬಂತು?

ಆದರೆ ಕೊನೆಯ ದೃಶ್ಯಕ್ಕೆ ಬಂದಾಗ ಚಿಕ್ಕಮ್ಮ ಸುಮ್ಮನಾದಳು. ಮನೆ ಹೊತ್ತಿ ಉರಿದು ಗಂಡ ಸತ್ತಿದ್ದಾನೆ. ಹೆಂಡತಿ ಏನಾದಳೆಂದು ತೋರಿಸುವುದಿಲ್ಲ. ಬೆಳಗಾಗಿದೆ. ಒಂದು ಬಸ್ಸು. ಕಿಟಕಿಯ ಸೀಟಿನಲ್ಲಿ ಅವಳು, ಕಂಬಿಗೆ ತಲೆ ಆನಿಸಿಕೊಂಡು, ಕಣ್ಣು ಅರ್ಧ ಮುಚ್ಚಿ ಕೂತಿದ್ದಾಳೆ. ಕಂಡಕ್ಟರ್ ಒಬ್ಬೊಬ್ಬರಿಗೂ ಟಿಕೆಟ್ ಹರಿದು ಕೊಡುತ್ತಾ ಬರುತ್ತಾನೆ. ಅವಳ ಹತ್ತಿರ ಒಂದು ಗಳಿಗೆ ನಿಲ್ಲುತ್ತಾನೆ. ಏನೂ ಕೇಳದೆ ಮುಂದೆ ಹೋಗುತ್ತಾನೆ. ಪರದೆ ಕಪ್ಪು. ಮುಗಿಯಿತು!

ದೀಪ ಹತ್ತಿತು. ಜನ ಎದ್ದರು. ಚಿಕ್ಕಮ್ಮ ಏಳಲಿಲ್ಲ.

"ಅವಳು ಬದುಕಿದಾಳೋ, ದೆವ್ವ ಆಗಿದಾಳೋ?"

"ಅದನ್ನ ನಮಗೇ ಬಿಟ್ಟಿದಾರೆ ಚಿಕ್ಕಮ್ಮ."

"ನಮಗ್ಯಾಕೆ ಬಿಡ್ತಾರೆ? ನಾವೇನು ನೋಡಿದ್ವಾ? ಅಲ್ಲಿದ್ದೋರು ಅವರು!"

ಕಸ ಗುಡಿಸಲು ಬಂದ ಹೆಂಗಸನ್ನೂ ಬಿಡಲಿಲ್ಲ. "ಅಕ್ಕಾ, ಕೊನೇಲಿ ಆ ಹೆಂಗಸು ಸತ್ತಿದಾಳಾ?" ಆಕೆ ಪೊರಕೆಗೆ ಒರಗಿ ನಿಂತು ಹೇಳಿದಳು: "ದಿನಕ್ಕೆ ನಾಲ್ಕ್ ಸಲ ಗುಡಿಸ್ತೀನಿ ಕಣಮ್ಮ, ಒಂದ್ ಸಲಾನೂ ನೋಡಿಲ್ಲ. ನೀವು ಎದ್ರೆ ಈ ಸಾಲೂ ಮುಗೀತದೆ."

ಮರುದಿನ ವೈಟ್‌ಫೀಲ್ಡಿನ ನನ್ನ ಆಫೀಸಿಗೆ ಫೋನು ಬಂತು. ಊಟದ ಹೊತ್ತು, ನಮ್ಮ ತಂಡದವರೆಲ್ಲ ಒಂದೇ ಮೇಜಿನಲ್ಲಿ. "ಓದ್ದೋರು ತುಂಬಾ ಜನ ಇದಾರಲ್ಲ ಅಲ್ಲಿ, ಕೇಳು" ಎಂದು ಚಿಕ್ಕಮ್ಮನ ಆಜ್ಞೆ. ಸ್ಪೀಕರಿಗೆ ಹಾಕಿದೆ. ಐದೇ ನಿಮಿಷದಲ್ಲಿ ಮೇಜು ಎರಡು ಪಕ್ಷವಾಯಿತು. ಸತ್ತಿದ್ದಾಳೆ, ಅದಕ್ಕೇ ಕಂಡಕ್ಟರಿಗೆ ಕಾಣಲಿಲ್ಲ ಎಂದು ಒಂದು. ಬದುಕಿದ್ದಾಳೆ, ಮೊದಲೇ ಟಿಕೆಟ್ ತೆಗೆದುಕೊಂಡಿದ್ದಾಳೆ ಎಂದು ಇನ್ನೊಂದು. ಕೊನೆಗೆ ನಮ್ಮ ಮ್ಯಾನೇಜರ್ ಗಂಟಲು ಸರಿಮಾಡಿಕೊಂಡು, "ಮೇಡಂ, ಅದು ಎರಡನೇ ಭಾಗಕ್ಕೆ ಜಾಗ ಬಿಟ್ಟಿರೋದು" ಎಂದರು.

"ಸಾರ್, ತೋಳು ಹೊಲೀದೆ ಅಂಗಿ ಕೊಟ್ಟು, ತೋಳು ಮುಂದಿನ ವರ್ಷ ಬರತ್ತೆ ಅಂದ್ರೆ ನೀವು ತಗೋತೀರಾ?"

ಮ್ಯಾನೇಜರ್ ಮೊಸರನ್ನದ ಡಬ್ಬಿ ಮುಚ್ಚಿದರು.

ಅವಳ ಅಪಾರ್ಟ್‌ಮೆಂಟಿನಲ್ಲಿ ದಾವಣಗೆರೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ದಿನಾ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಪಾರ್ಕಿನಲ್ಲಿ ಅಡ್ಡಾಡುವವರು. ಅವರು ಸಿನಿಮಾ ನೋಡದೆಯೇ ತೀರ್ಪು ಕೊಟ್ಟರು: "ಆತ್ಮ ಇರಬೇಕ್ರೀ ಅದು. ಆತ್ಮಕ್ಕ ಟಿಕೆಟ್ ಎಲ್ಲಿಂದ ಬರ್ತೈತಿ?"

"ಟಿಕೆಟ್ ಬೇಡದ ಆತ್ಮಕ್ಕೆ ಸೀಟು ಯಾಕ್ ಬೇಕು ಸಾರ್? ನಿಂತ್ಕೊಂಡೇ ಹೋಗಬಹುದಿತ್ತಲ್ಲ, ಅದೂ ಕಿಟಕಿ ಪಕ್ಕದ್ದು!"

ಮೇಷ್ಟ್ರು ಅವತ್ತು ಎರಡು ಸುತ್ತು ಹೆಚ್ಚು ಹಾಕಿದರಂತೆ, ಯೋಚನೆಯಲ್ಲಿ.

ಇದೆಲ್ಲ ಬಿಡಿ, ತಜ್ಞರನ್ನೇ ಕೇಳೋಣ ಎಂದು ಚಿಕ್ಕಮ್ಮ ನಿರ್ಧರಿಸಿದ ಮೇಲೆ ಶುರುವಾಯಿತು ನೋಡಿ ನಿಜವಾದ ತನಿಖೆ. ತಜ್ಞರು ಎಂದರೆ ಯಾರು? ಕಂಡಕ್ಟರುಗಳು! ಈಗ ಹೆಂಗಸರಿಗೆ ಬಸ್ಸು ಉಚಿತ. ಆದರೂ ಕಾರ್ಡು ನೋಡಿ, ಸೊನ್ನೆ ಎಂದು ಬರೆದಿರುವ ಒಂದು ಟಿಕೆಟ್ ಕೊಡುತ್ತಾರೆ. ಚಿಕ್ಕಮ್ಮ ಅದನ್ನು ಕೈಗೆ ತೆಗೆದುಕೊಂಡ ಕೂಡಲೇ ಪ್ರಶ್ನೆ ಹಾಕುತ್ತಿದ್ದಳು. ನನ್ನ ಮನೆಗೆಂದು ಮಾರತ್ತಹಳ್ಳಿಗೆ ಬಂದ ದಿನ ಮೂರು ಬಸ್ಸು ಬದಲಾಯಿಸಿ ಮೂವರನ್ನು ವಿಚಾರಿಸಿದ್ದಳು. ಒಬ್ಬ ನಕ್ಕ. ಇನ್ನೊಬ್ಬ ಸೀಟಿ ಊದಿದ. ಮೂರನೆಯವನು ಮಾತ್ರ ಗಂಭೀರವಾಗಿ ಯೋಚಿಸಿ ಹೇಳಿದನಂತೆ:

"ಅಮ್ಮಾ, ದೆವ್ವ ಆದ್ರೂ ಹೆಂಗಸು ತಾನೆ? ಝೀರೋ ಟಿಕೆಟ್ ಕೊಡ್ಲೇಬೇಕು. ಇಲ್ಲಾಂದ್ರೆ ಚೆಕಿಂಗ್‌ನೋರು ಹಿಡ್ಕೊಳ್ಳೋದು ನನ್ನನ್ನ. ಆದ್ರೆ ಆಧಾರ್ ಕಾರ್ಡ್ ತೋರಿಸಬೇಕು, ಅಷ್ಟೇ."

ಇದನ್ನು ಕೇಳಿ ನಾನು ಬಿದ್ದು ಬಿದ್ದು ನಕ್ಕೆ. ಅವಳು ನಗಲಿಲ್ಲ. "ಹಾಗಾದ್ರೆ ಅವನು ಯಾಕೆ ಕೊಡ್ಲಿಲ್ಲ?" ಅಂದಳು. ನನಗೆ ಅಂದು ಆಫೀಸಿನ ಕೆಲಸ ತಲೆಯ ಮೇಲಿತ್ತು. "ಸಿನಿಮಾ ತಾನೆ ಚಿಕ್ಕಮ್ಮ, ಬಿಟ್ಹಾಕು ಸಾಕು!" ಎಂದುಬಿಟ್ಟೆ. ಸ್ವಲ್ಪ ಜೋರಾಗಿಯೇ ಅಂದೆ. ಅವಳು ಹೂಂ ಅಂದು ಕಾಫಿ ಲೋಟ ತೊಳೆದಿಟ್ಟು ಹೊರಟಳು.

ಆಮೇಲೆ ನಾಲ್ಕು ದಿನ ಫೋನಿಲ್ಲ. ದಿನಕ್ಕೆ ಮೂರು ಸಲ ಮಾಡುವವಳು! ನಾನೇ ಮಾಡಿದರೆ ಊಟ ಆಯಿತಾ, ಆಯಿತು, ಇಷ್ಟೇ. ನನಗೆ ಕುತೂಹಲ ಹುಟ್ಟಿದ್ದು ಆಗ. ಈ ಹೆಂಗಸು ಎಷ್ಟೋ ಸಿನಿಮಾಗಳ ಹೊಲಿಗೆ ಬಿಚ್ಚಿ ನಕ್ಕಿದ್ದಾಳೆ. ಇದೊಂದನ್ನು ಮಾತ್ರ ಯಾಕೆ ಹೀಗೆ ಹಿಡಿದುಕೊಂಡಿದ್ದಾಳೆ? ತಡೆಯಲಾಗದೆ ಶನಿವಾರ ಮಾಕಳಿಯ ಅವಳ ಮನೆಗೆ ಹೋಗಿ, "ಏಳು, ಇನ್ನೊಂದ್ಸಲ ನೋಡೋಣ. ಮಾರ್ನಿಂಗ್ ಶೋ" ಎಂದೆ. ಮುಖ ಹೇಗೆ ಅರಳಿತು ಅಂತೀರಿ!

ಈ ಸಲ ಅವಳು ಕತೆ ನೋಡಲೇ ಇಲ್ಲ, ಕೊನೆಯ ದೃಶ್ಯಕ್ಕೆ ಕಾದಳು. ಬಸ್ಸು ಬಂದ ಕೂಡಲೇ ನನ್ನ ಮೊಣಕೈ ಹಿಡಿದಳು. "ಕಿಟಕಿ ಗಾಜಲ್ಲಿ ಅವಳ ನೆರಳು ಬೀಳ್ತಿದೆ. ಬದುಕಿದಾಳೆ." ಮರುಕ್ಷಣವೇ, "ಆದ್ರೆ ಗಾಳಿಗೆ ಕೂದಲು ಹಾರ್ತಿಲ್ಲ. ಸತ್ತಿದಾಳೆ." ಕಂಡಕ್ಟರ್ ನಿಂತ, ಹೋದ. ಪರದೆ ಕಪ್ಪು. ಒಂದಕ್ಕೊಂದು ಸಾಕ್ಷಿ, ಲೆಕ್ಕ ಚುಕ್ತಾ. ಚಿಕ್ಕಮ್ಮ ಸೆರಗಿನಿಂದ ಕನ್ನಡಕ ಒರೆಸಿಕೊಂಡು ಹೊರಗೆ ಬಂದಳು.

ಎಂಟನೇ ಮೈಲಿ ಸ್ಟಾಪಿನಲ್ಲಿ ನೆಲಮಂಗಲದ ಬಸ್ಸು ಹತ್ತಿದೆವು. ಮಧ್ಯಾಹ್ನದ ಬಿಸಿಲು. ಹೆಂಗಸರ ಸೀಟಿನಲ್ಲಿ ಕಿಟಕಿಯ ಪಕ್ಕ ಒಬ್ಬಳು ನಿದ್ದೆ ಹೋಗಿದ್ದಳು. ಕಟ್ಟಡದ ಕೆಲಸದವಳು, ಸೀರೆಯ ಮೇಲೆ ಗಂಡಸರ ಅಂಗಿ, ಮೊಣಕೈವರೆಗೂ ಸಿಮೆಂಟಿನ ಧೂಳು, ಮಡಿಲಲ್ಲಿ ಬುತ್ತಿಯ ಡಬ್ಬಿ. ಚಿಕ್ಕಮ್ಮ ಅವಳ ಪಕ್ಕ ಕೂತಳು, ನಾನು ಈಚೆ ಸೀಟಿನಲ್ಲಿ. ಕಂಡಕ್ಟರ್ ಬಂದ. ವಯಸ್ಸಾದವನು. ನನ್ನ ಕಾರ್ಡು ನೋಡಿ ಟಿಕೆಟ್ ಕೊಟ್ಟ. ಚಿಕ್ಕಮ್ಮನಿಗೂ ಕೊಟ್ಟ. ಕಿಟಕಿಯ ಪಕ್ಕದವಳ ಕಡೆ ತಿರುಗಿದ. ಒಂದು ಗಳಿಗೆ ನಿಂತ. ಏನೂ ಕೇಳದೆ ಮುಂದೆ ಹೋದ.

ನಾನು ಚಿಕ್ಕಮ್ಮನನ್ನು ನೋಡಿದೆ. ಚಿಕ್ಕಮ್ಮ ಅವನನ್ನೇ ನೋಡುತ್ತಿದ್ದಳು.

"ಅಣ್ಣಾ!" ಎಂದು ಕರೆದಳು. "ಇವಳಿಗೆ ಕೊಡ್ಲಿಲ್ವಲ್ಲ?"

ಅವನು ವಾಪಸು ಬಂದು ದನಿ ತಗ್ಗಿಸಿದ. "ಶ್... ಮಲಗವ್ಳೆ ಕಣಮ್ಮ. ದಿನಾ ಬರ್ತಾಳೆ. ಹತ್ತಿದ ತಕ್ಷಣ ಹಂಗೇ ಬಿದ್ದೋಗ್ತಾಳೆ. ಕಾರ್ಡ್ ತೋರ್ಸು ಅಂತ ಎಬ್ಬಿಸೋಕೆ ಮನಸ್ ಬರಲ್ಲ. ಇಳಿಯೋ ಮುಂಚೆ ಕೊಡ್ತೀನಿ ಬಿಡಿ."

ಈಗ ಚಿಕ್ಕಮ್ಮ ಚಪ್ಪಾಳೆ ತಟ್ಟುತ್ತಾಳೆ, ಇಡೀ ಬಸ್ಸಿಗೆ ಕೇಳುವ ಹಾಗೆ ತೀರ್ಪು ಓದುತ್ತಾಳೆ ಎಂದು ನಾನು ನಗಲು ತಯಾರಾದೆ. ಅವಳು ಮಾತ್ರ ನನ್ನ ಕಡೆ ಬಾಗಿದಳು.

"ನಿಮ್ಮ ಚಿಕ್ಕಪ್ಪ ಹೋದ ದಿನ ನಾನು ಆಸ್ಪತ್ರೆಯಿಂದ ಒಬ್ಬಳೇ ಬಸ್ಸಲ್ಲಿ ಬಂದೆ ಕಣೇ. ನಿಮ್ಮಪ್ಪ ಕಾಗದ ಪತ್ರ ಮಾಡಿಸೋಕೆ ಅಲ್ಲೇ ನಿಂತ್ರು. ಜನ ಬರ್ತಾರೆ, ನೀನು ಹೋಗಿ ಬಾಗಿಲು ತೆಗೆದಿರು ಅಂದ್ರು. ಬಸ್ ಹೇಗೆ ಹತ್ತಿದ್ನೋ ಗೊತ್ತಿಲ್ಲ. ಕಂಡಕ್ಟರ್ ಬಂದ, ನನ್ನ ಮುಂದೆ ನಿಂತ, ಹೋಗ್ಬಿಟ್ಟ. ಎಲ್ಲಾರ್ನೂ ಕೇಳ್ದ, ನನ್ನೊಬ್ಬಳ್ನೇ ಕೇಳ್ಲಿಲ್ಲ. ಓ, ಅವರ ಜೊತೆ ನಾನೂ ಹೋಗ್ಬಿಟ್ಟಿದೀನಿ, ಅದಕ್ಕೇ ಇವನಿಗೆ ಕಾಣ್ತಿಲ್ಲ ಅನ್ನಿಸ್ತು. ನಿಜವಾಗ್ಲೂ ಕಣೇ. ಕಿಟಕಿ ಕಂಬಿ ಮುಟ್ಟಿ ಮುಟ್ಟಿ ನೋಡ್ಕೊಂಡೆ."

ಚಿಕ್ಕಪ್ಪ ತೀರಿಕೊಂಡಾಗ ನನಗೆ ಆರು ವರ್ಷ. ಜ್ವರ ಬಂದು ಹೋದರು ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ಈ ಬಸ್ಸಿನ ವಿಷಯವನ್ನು ಅವಳು ಯಾರ ಹತ್ತಿರವೂ ಹೇಳಿರಲಿಲ್ಲ, ನಮ್ಮ ಅಮ್ಮನ ಹತ್ತಿರವೂ.

"ಮನೆಗೆ ಬಂದ್ರೆ ಮೆಟ್ಟಿಲ ಮೇಲೆ ನೀನು ಕೂತಿದ್ದೆ. ಸ್ಕೂಲ್ ಬ್ಯಾಗ್ ಬೆನ್ನ ಮೇಲೇ ಇತ್ತು. 'ಚಿಕ್ಕಮ್ಮಾ, ಹೊಟ್ಟೆ ಹಸೀತಿದೆ' ಅಂದೆ. ಆಗ ಗೊತ್ತಾಯ್ತು, ಕಾಣಿಸ್ತಿದೀನಿ ಅಂತ. ಸಾವಾದ ಮನೇಲಿ ಒಲೆ ಹಚ್ಚಬಾರದು ಅಂತಾರೆ. ಹಚ್ಚಿದೆ. ನಿನಗೆ ಹಸಿವಾಗಿತ್ತಲ್ಲ."

ನನಗೆ ಆ ದಿನದ ಒಂದು ತುತ್ತೂ ನೆನಪಿಲ್ಲ.

"ಇಪ್ಪತ್ತಾರು ವರ್ಷ, ಅವನಿಗೆ ನಾನು ಕಾಣಿಸ್ಲಿಲ್ಲ ಅಂತಾನೇ ಅಂದ್ಕೊಂಡಿದ್ದೆ. ಕಾಣಿಸಿದ್ದೆ ಕಣೇ." ಕನ್ನಡಕದೊಳಗೆ ಅವಳ ಕಣ್ಣು ತುಂಬಿತ್ತು. "ಕಾಣಿಸಿದ್ದಕ್ಕೇ ಬಿಟ್ಟಿದ್ದಾನೆ."

ಬಸ್ಸು ಯಾವುದೋ ರೋಡ್ ಹಂಪಿನ ಮೇಲೆ ಎಗರಿತು. ಮಲಗಿದ್ದವಳ ತಲೆ ಕಿಟಕಿಯಿಂದ ಜಾರಿ ಚಿಕ್ಕಮ್ಮನ ಹೆಗಲಿಗೆ ಬಿತ್ತು. ಚಿಕ್ಕಮ್ಮ ಭುಜವನ್ನು ಸ್ವಲ್ಪ ತಗ್ಗಿಸಿ ಕೂತಳು. ಮುಂದಿನಿಂದ "ಮಾಕಳಿ, ಮಾಕಳಿ ಯಾರ್ರೀ ಇಳಿಯೋರು?" ಎಂಬ ಕೂಗು ಬಂತು. ನಾನು ಏಳಲು ಹೋದೆ. ಚಿಕ್ಕಮ್ಮ ಕಣ್ಣಿನಲ್ಲೇ ನನ್ನನ್ನು ಕೂರಿಸಿದಳು.

ಕೂತೆ. ಬಸ್ಸು ಮಾಕಳಿ ದಾಟಿ ಹೋಯಿತು.