ಲಿನಕ್ಸ್ ಬಸ್ಸಿನ ಮೊದಲ ಓಟ

ರಸ್ತೆಯನ್ನು ಅಗೆಯದೆ ಇದ್ದಿದ್ದರೆ ಈ ಅನರ್ಥ ಸಂಭವಿಸುತ್ತಿರಲಿಲ್ಲ. ಕೊಳವೆ ಹೂಳುವವರು ಬೆಳಗ್ಗೆಯೇ ಬಂದು ಕನ್ನಡಕದಂಗಡಿಯ ಮುಂದೆ ಕಂದಕ ತೋಡಿಟ್ಟುದರಿಂದ ಗಿರಾಕಿಗಳ ಸುಳಿವೇ ಇರಲಿಲ್ಲ. ಗಿರಾಕಿಯಿಲ್ಲದ ಅಂಗಡಿಗೆ ಚಹಾ ಬರುತ್ತದೆ. ಚಹಾದ ಹಿಂದೆಯೇ ಮಾತು ಬರುತ್ತದೆ. ಮಾತು ಬಂದ ಮೇಲೆ ಪೆಂಗ್ವಿನ್ ಬಾಯಿ ತೆರೆಯದೆ ಇರುವುದಿಲ್ಲ.

ಪೆಂಗ್ವಿನ್ ಆ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಮಸೂರ ಉಜ್ಜುವ ಕುಶಲಕರ್ಮಿ. ಲಿನಕ್ಸ್ ಎಂಬ ಗಣಕವ್ಯವಸ್ಥೆಯ ಲಾಂಛನವಾದ ಆ ಹಕ್ಕಿಯ ಚಿತ್ರವುಳ್ಳ ಅಂಗಿಯನ್ನೇ ಸದಾ ತೊಡುತ್ತಿದ್ದುದರಿಂದ ಈ ಹೆಸರು ಅವನಿಗೆ ಅಂಟಿಕೊಂಡಿತ್ತು. ಊರೆಲ್ಲ ಬಳಸುವ ಇನ್ನೊಂದು ವ್ಯವಸ್ಥೆಯ ಹೆಸರನ್ನು ಅವನು ನಾಲಗೆಯ ಮೇಲೆ ತರುತ್ತಿರಲಿಲ್ಲ. ಪಾಲು ಹಂಚಿಕೆಯಲ್ಲಿ ಜಗಳವಾಡಿದ ದಾಯಾದಿಯನ್ನು ಕುರಿತು ಮಾತನಾಡುವವರಂತೆ ‘ಅದು’ ಎಂದಷ್ಟೇ ಅನ್ನುತ್ತಿದ್ದ.

“ಕೋಟೆ ಕಟ್ಟೋ ಆಟ ಇದೆಯಲ್ಲ ಅಕ್ಕಾ, ಅದು ಲಿನಕ್ಸ್‌ಗೆ ಅಂತಲೇ ಹುಟ್ಟಿದ್ದು,” ಎಂದು ಅವನು ಕೌಂಟರಿನಲ್ಲಿ ಕೂರುವ ಅಕ್ಕನಿಗೆ ಉಪದೇಶ ಆರಂಭಿಸಿದ. “ಕುದುರೆ ಸವಾರಿ ಆಟಾನೂ ಓಡುತ್ತೆ. ಕುದುರೆಗೆ ನೆರಳು ಬೀಳಲ್ಲ, ಅಷ್ಟೆ. ಅದು ಆಟ ಮಾಡಿದವರ ತಪ್ಪು, ಲಿನಕ್ಸ್‌ದಲ್ಲ. ಆ ಗುಂಪು ಕಟ್ಕೊಂಡು ಗುಂಡು ಹಾರಿಸೋ ಆಟದವರು ಮಾತ್ರ ಬಾಗಿಲಲ್ಲಿ ಕಾವಲು ಇಟ್ಟಿದ್ದಾರೆ. ಲಿನಕ್ಸ್‌ನವರು ಅಂದ್ರೆ ಮೋಸಗಾರರು ಅಂತ ಒಳಗೇ ಬಿಡಲ್ಲ. ಅಂಥ ಆಟ ನಮಗೂ ಬೇಡ.”

“ಅಂದ್ರೆ ನಿಂಗೆ ಸಿಗದೇ ಇರೋ ಆಟವೆಲ್ಲ ಕೆಟ್ಟದ್ದು!”

“ಹಾಗಲ್ಲ ಅಕ್ಕಾ. ಲಿನಕ್ಸ್‌ನಲ್ಲಿ ಓಡದ ಆಟ ಆಟವೇ ಅಲ್ಲ. ಓಡಿಸೋಕೆ ಗೊತ್ತಿರಬೇಕು.”

ಚಹಾ ಹೀರುತ್ತಿದ್ದ ಮಾಲೀಕರು ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. “ನಮ್ಮ ಮಾವನವರ ಬಸ್ಸು?”

ಆ ಬಸ್ಸನ್ನು ಅರಿಯದವರು ಆ ಕಟ್ಟಡದಲ್ಲಿ ಯಾರೂ ಇರಲಿಲ್ಲ. ಮಾಲೀಕರ ಮಾವ ನಿವೃತ್ತ ಬಸ್ ಚಾಲಕರು. ಅಂಗಡಿಯ ಮೇಲಿನ ಮಹಡಿಯಲ್ಲಿ ವಾಸ. ನಿವೃತ್ತಿಯ ವಿರಹವನ್ನು ತಾಳಲಾರದೆ ಅವರು ಗಣಕದಲ್ಲಿ ಬಸ್ಸೋಡಿಸುವ ಆಟವೊಂದನ್ನು ಹಾಕಿಸಿಕೊಂಡು, ಮೇಜಿಗೆ ಸ್ಟೀರಿಂಗ್ ಬಿಗಿಸಿ, ಕಾಲಡಿಗೆ ಪೆಡಲುಗಳನ್ನಿಟ್ಟು, ಖಾಕಿ ತೊಟ್ಟು, ನಿಗದಿತ ವೇಳೆಗೆ ಸರಿಯಾಗಿ ಬಸ್ಸು ಬಿಡುತ್ತಿದ್ದರು. ಅವರ ಹಿಂದೆ ನಡುವೆ ದಾರಿ ಬಿಟ್ಟು ಎರಡು ಸಾಲು ಕುರ್ಚಿ. ನೆರೆಹೊರೆಯವರು ಬಂದು ಅವುಗಳಲ್ಲಿ ಕುಳಿತು ಪ್ರಯಾಣಿಸುತ್ತಿದ್ದರು. ಇಂತಹ ಬಸ್ಸು ಈಚೆಗೆ ನಿಲ್ದಾಣ ಬಿಡುವುದಕ್ಕೇ ಮೀನಮೇಷ ಎಣಿಸತೊಡಗಿತ್ತು. ಗಣಕ ಹಳತಾಗಿ ಏದುಸಿರು ಬಿಡುತ್ತಿತ್ತು.

“ಲಿನಕ್ಸ್ ಹಾಕಿದ್ರೆ ಹಳೇ ಮಿಶನ್ನೂ ಹಾರುತ್ತೆ ಅಂತೀಯಲ್ಲ, ಹಾಕಯ್ಯಾ ಮತ್ತೆ!” ಎಂದರು ಮಾಲೀಕರು. “ಆದ್ರೆ ಆ ಬಸ್ಸು ಅದರಲ್ಲಿ ಓಡಲ್ಲ ಅಂತ ನಾನಂತೀನಿ.”

ಈ ಕಡೆಯ ಮಾತು ಪೆಂಗ್ವಿನ್‌ನ ಮರ್ಮಕ್ಕೇ ನಾಟಿತು. ಅವನು ಎದ್ದು ನಿಂತು, ಎದೆಯ ಮೇಲಿನ ಹಕ್ಕಿಯನ್ನು ಅಂಗೈಯಿಂದ ಮುಟ್ಟಿ ನುಡಿದ: “ನಾನು ಲಿನಕ್ಸಿಗೆ ಹತ್ತಿಸಿದ ಬಸ್ಸು ಇವತ್ತು ಸಂಜೆಯೊಳಗೆ, ಮೊದಲನೇ ಓಟದಲ್ಲೇ ಕೊನೇ ನಿಲ್ದಾಣ ಮುಟ್ಟದಿದ್ರೆ, ನನ್ನ ಮನೆ ಮಿಶನ್ನಿಗೆ ನಾನೇ ಕೂತು ‘ಅದನ್ನ’ ಹಾಕಿಸ್ಕೋತೀನಿ ಸರ್.”

‘ಮೊದಲನೇ ಓಟದಲ್ಲೇ’ ಎಂಬುದನ್ನು ಯಾರೂ ಕೇಳಿರಲಿಲ್ಲ. ಪ್ರತಿಜ್ಞೆ ಮಾಡುವವನಿಗೆ ಒಂದು ವಿಶೇಷಣ ಹೆಚ್ಚಾಗಿ ಹಾಕದಿದ್ದರೆ ತೃಪ್ತಿಯಿಲ್ಲ. ಪುರಾಣಗಳಲ್ಲಿ ಬಂದಿರುವ ಕಷ್ಟಗಳ ಮುಕ್ಕಾಲು ಪಾಲು ಆ ಹೆಚ್ಚಿನ ವಿಶೇಷಣದಿಂದಲೇ ಬಂದವು.

ಪೆಂಗ್ವಿನ್ ಮಹಡಿ ಹತ್ತಿದಾಗ ಚಾಲಕರು ಸ್ಟೀರಿಂಗನ್ನು ಹಸಿಬಟ್ಟೆಯಿಂದ ಒರೆಸುತ್ತಿದ್ದರು.

“ನೋಡಪ್ಪಾ, ನನ್ನ ಸರ್ವೀಸಲ್ಲಿ ಒಂದು ಗೀರು ಬಿದ್ದಿಲ್ಲ. ಬಸ್ಸು ನಿನ್ನ ಕೈಗೆ ಕೊಡ್ತಿದೀನಿ. ಸಂಜೆ ಟ್ರಿಪ್ಪಿಗೆ ಸಿಗಬೇಕು.”

“ಸಿಗುತ್ತೆ ತಾತ.”

ಲಿನಕ್ಸಿನ ಸ್ಥಾಪನೆ ಸುಸೂತ್ರವಾಗಿಯೇ ಆಯಿತು. ಗಣಕ ಹರೆಯ ಮರಳಿದಂತೆ ಚುರುಕಾಯಿತು. ಆದರೆ ಬಸ್ಸಿನ ಆಟ ‘ಅದಕ್ಕಾಗಿ’ ರಚಿತವಾದದ್ದು. ಲಿನಕ್ಸಿನ ಮಾತು ಅದಕ್ಕೆ ತಿಳಿಯದು. ಇಬ್ಬರ ನಡುವೆ ನಿಂತು ದುಭಾಷಿಯ ಕೆಲಸ ಮಾಡುವ ತಂತ್ರಾಂಶವೊಂದನ್ನು ಪೆಂಗ್ವಿನ್ ಕೂಡಿಸಿದ. ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರಗಳು ಮೊಳೆತಂತೆಲ್ಲ ಅವನ ಮುಖದಲ್ಲಿ ಯಾಗಾಗ್ನಿಯ ಮುಂದೆ ಕುಳಿತ ಋತ್ವಿಜನ ತೇಜಸ್ಸು ಮೂಡಿತು.

ಅಷ್ಟರಲ್ಲಿ ವಾರ್ತೆ ಹರಡಿ ಪ್ರಯಾಣಿಕರು ಬಂದು ಸೇರಿದರು. ಪಕ್ಕದ ಅಂಗಡಿಯ ದರ್ಜಿ ಕಿಟಕಿಯ ಬದಿಯ ಕುರ್ಚಿ ಹಿಡಿದ. ಎದುರು ಮನೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಕುರ್ಚಿಗಳು ಖಾಲಿಯಿದ್ದರೂ ನಿಂತೇ ಇದ್ದರು.

“ಕೂತ್ಕೊಳ್ಳಿ ಮೇಷ್ಟ್ರೇ,” ಎಂದಳು ಚಾಲಕರ ಹೆಂಡತಿ. ಕೊರಳಲ್ಲಿ ಸೀಟಿ ಇದ್ದುದರಿಂದ ಆಕೆಯೇ ನಿರ್ವಾಹಕಿ.

“ಪರವಾಗಿಲ್ಲ ಅಮ್ಮಾ, ನಂದು ಮುಂದಿನ ಸ್ಟಾಪು.”

ಆಟ ತೆರೆಯಿತು. ಎಂಜಿನ್ನಿನ ಗುಡುಗು, ಹಾರನ್ನಿನ ಮೊರೆ, ಮಳೆಯ ಸದ್ದು ಎಲ್ಲವೂ ಕೇಳಿಸಿದವು. ಕಾಣಿಸಿದ್ದು ಮಾತ್ರ ಕಗ್ಗತ್ತಲೆ.

“ಇದೇನಪ್ಪಾ ಇದು?” ಎಂದ ದರ್ಜಿ.

“ಸುರಂಗ ಇರಬೇಕು,” ಎಂದರು ಮೇಷ್ಟ್ರು.

ಪೆಂಗ್ವಿನ್ ದುಭಾಷಿಯ ಹಳೆಯ ಆವೃತ್ತಿಯನ್ನು ಕಿತ್ತು ಹೊಸದನ್ನು ಹಾಕಿದ. ಕತ್ತಲೆ ಕರಗಿ ಪಟ್ಟಣ ಮೂಡಿತು. ರಸ್ತೆ ಗುಲಾಬಿ ಬಣ್ಣದ್ದಾಗಿತ್ತು. ನಿಲ್ದಾಣದಲ್ಲಿ ಬಸ್ಸಿಗಾಗಿ ಕಾದು ನಿಂತ ಜನರಿಗೆ ತಲೆಗಳಿರಲಿಲ್ಲ; ಅಂಗಿಗಳು ಮಾತ್ರ ಕೈಯಲ್ಲಿ ಚೀಲ ಹಿಡಿದು ಅತ್ತಿತ್ತ ಓಡಾಡುತ್ತಿದ್ದವು.

“ಅಯ್ಯೋ, ಪಾಪ!” ಎಂದಳು ನಿರ್ವಾಹಕಿ ಅಜ್ಜಿ.

“ಪಾಪ ಏನು ಬಂತು?” ಎಂದ ದರ್ಜಿ ಮುಂದಕ್ಕೆ ಬಾಗಿ. “ಹೊಲಿಗೆ ಚೆನ್ನಾಗಿ ಕಾಣುತ್ತೆ. ಆ ನೀಲಿ ಅಂಗಿ ಭುಜ ನೋಡಿ, ಎಷ್ಟು ನೀಟಾಗಿ ಕೂತಿದೆ! ತಲೆ ಇದ್ದಿದ್ರೆ ಯಾರು ನೋಡ್ತಿದ್ರು?”

“ತಲೆ ಬೇಕಪ್ಪಾ,” ಎಂದರು ಚಾಲಕರು ಗಂಭೀರವಾಗಿ. “ತಲೆ ಇಲ್ದೇ ಇದ್ರೆ ಕೈ ಯಾಕೆ ತೋರಿಸ್ತಿದಾರೆ ಅಂತ ಹೇಗೆ ಗೊತ್ತಾಗಬೇಕು? ಹತ್ತೋಕೋ, ಬೈಯೋಕೋ?”

ಪೆಂಗ್ವಿನ್ ತಲೆಗಳನ್ನು ಹುಡುಕಿ ತರಲು ಹೊರಟ. ಮಧ್ಯಾಹ್ನದ ಹೊತ್ತಿಗೆ ತಲೆಗಳು ಬಂದವು. ಬಂದವು ಸರಿ, ಗಂಡಸರ ತಲೆ ಹೆಂಗಸರಿಗೆ, ಹೆಂಗಸರದು ಮರಗಳಿಗೆ. ಅದನ್ನು ತಿದ್ದುತ್ತ ಕೂತವನು ಬಾಯಿಗೆ ಮಾತ್ರ ವಿರಾಮ ಕೊಡಲಿಲ್ಲ. “ಇದೇನೂ ಅಲ್ಲ ತಾತ. ಸಮುದ್ರ ಯುದ್ಧದ ಒಂದು ಆಟ ಇದೆ, ಅದರಲ್ಲಿ ನೀರೇ ಬರ್ತಿರಲಿಲ್ಲ. ಹಡಗೆಲ್ಲ ಅಂಗಳದಲ್ಲಿ ನಿಂತ ಹಾಗೆ ನಿಂತಿದ್ವು. ಮೂರೇ ಸಾಲು ಬರೆದೆ ನೋಡಿ, ಸಮುದ್ರ ತುಂಬ್ಕೊಂಡು ಬಂತು!”

“ಯುದ್ಧ ಗೆದ್ದೆಯಾ?” ಎಂದು ಅಜ್ಜಿ ಕೇಳಿದಳು.

ಪೆಂಗ್ವಿನ್‌ಗೆ ಆಗ ಕೆಮ್ಮು ಬಂತು.

ಮಾಲೀಕರು ನಡುನಡುವೆ ಮೆಟ್ಟಿಲು ಹತ್ತಿ ಬಂದು ಕುತ್ತಿಗೆ ಚಾಚಿ ನೋಡಿ, “ನಿನ್ನ ಮನೆಗೆ ಯಾವಾಗ ಬರ್ಲಿ?” ಎಂದು ಕೇಳಿ ಇಳಿದು ಹೋಗುತ್ತಿದ್ದರು. ಒಂದೊಂದು ಸಲವೂ ಪೆಂಗ್ವಿನ್‌ನ ಕಣ್ಣಮುಂದೆ ತನ್ನ ಮನೆಯ ಗಣಕ ತೇಲಿ ಬರುತ್ತಿತ್ತು. ಎಷ್ಟೋ ವರ್ಷಗಳಿಂದ ಅಪಚಾರವಾಗದಂತೆ ಕಾಪಾಡಿಕೊಂಡು ಬಂದ ಆ ಪಾವಿತ್ರ್ಯಕ್ಕೆ ‘ಅದು’ ಸೋಕುವುದೇ? ಅವನು ಹಲ್ಲು ಕಚ್ಚಿ ಮತ್ತೆ ಕೀಲಿಗಳ ಮೇಲೆ ಬೆರಳಾಡಿಸುತ್ತಿದ್ದ.

ಕಡೆಯದಾಗಿ ಸ್ಟೀರಿಂಗ್ ಮುಷ್ಕರ ಹೂಡಿತು. ಎಡಕ್ಕೆ ತಿರುಗಿಸಿದರೆ ಗಾಜು ಒರೆಸುವ ಕಡ್ಡಿ ಆಡುತ್ತಿತ್ತು. ಬಲಕ್ಕೆ ತಿರುಗಿಸಿದರೆ ಬಾಗಿಲು ತೆರೆಯುತ್ತಿತ್ತು. ಬ್ರೇಕ್ ತುಳಿದರೆ ಬಸ್ಸಿನ ರೇಡಿಯೋ ಹಾಡುತ್ತಿತ್ತು. ಬಿಸಿಲು ಇಳಿದು ಕಿಟಕಿಯ ಸರಳುಗಳ ನೆರಳು ಗೋಡೆಗೆ ಏರುವ ವೇಳೆಗೆ ಒಂದೊಂದೂ ತನ್ನ ತನ್ನ ಸ್ವಧರ್ಮಕ್ಕೆ ಮರಳಿತು. ರಸ್ತೆ ಕಪ್ಪಾಯಿತು, ತಲೆಗಳು ಅವರವರ ಕತ್ತಿನ ಮೇಲೆ ಕುಳಿತವು, ಬಸ್ಸು ಹೊಸ ಬಣ್ಣದಿಂದ ಹೊಳೆಯುತ್ತ ನಿಲ್ದಾಣದಲ್ಲಿ ಗುರುಗುಟ್ಟಿತು.

“ಶಹಭಾಸ್!” ಎಂದರು ಮೇಷ್ಟ್ರು, ಇನ್ನೂ ನಿಂತುಕೊಂಡೇ.

ಕೌಂಟರಿನ ಅಕ್ಕ ಅಂಗಡಿಯ ಬಾಗಿಲು ಹಾಕಿ ಬಂದಿದ್ದಳು. ಮಾಲೀಕರ ಮುಖ ಸಪ್ಪಗಾಗಿತ್ತು. ಪೆಂಗ್ವಿನ್ ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಕುರ್ಚಿಯಿಂದೆದ್ದು, “ಬನ್ನಿ ತಾತ, ಕೂತ್ಕೊಳ್ಳಿ. ಬಿಡಿ ಬಸ್ಸು,” ಎಂದ.

ಚಾಲಕರು ಕದಲಲಿಲ್ಲ.

“ಅದು ಹಾಗಲ್ಲಪ್ಪಾ,” ಎಂದರು. “ಗ್ಯಾರೇಜಿಂದ ರಿಪೇರಿಯಾಗಿ ಬಂದ ಬಸ್ಸನ್ನ ಡ್ರೈವರು ಮುಟ್ಟೋ ಹಾಗಿಲ್ಲ. ರಿಪೇರಿ ಮಾಡಿದ ಮೆಕ್ಯಾನಿಕ್ಕೇ ಮೊದಲನೇ ಓಟ ಓಡಿಸಿ ತೋರಿಸಬೇಕು. ನಮ್ಮ ಡಿಪೋ ನಿಯಮ. ಬ್ರೇಕ್ ಕಟ್ಟಿದವನೇ ಬ್ರೇಕ್ ತುಳೀಬೇಕು.”

“ತಾತ, ನಾನು...”

“ನಿಯಮ ಅಂದ್ರೆ ನಿಯಮ. ನನ್ನ ಸರ್ವೀಸಲ್ಲಿ ಒಂದು ದಿನಾನೂ ಮುರಿದಿಲ್ಲ.”

“ಇನ್ನೂ ಒಳ್ಳೇದೇ ಆಯ್ತಲ್ಲೋ!” ಎಂದಳು ಅಕ್ಕ. “ಆಟದಲ್ಲಿ ನಿನ್ನ ಮೀರಿಸಿದವರು ಯಾರಿದ್ದಾರೆ?”

ಪೆಂಗ್ವಿನ್ ತಾನೆದ್ದ ಕುರ್ಚಿಯ ಹಿಂದಕ್ಕೆ ಸರಿದು ನಿಂತ. ಇಲ್ಲಿ ಒಂದು ಸತ್ಯವನ್ನು ಹೇಳದೆ ಗತ್ಯಂತರವಿಲ್ಲ. ಆ ಮಹಾನುಭಾವ ನೂರಾರು ಆಟಗಳನ್ನು ಲಿನಕ್ಸಿನಲ್ಲಿ ಓಡುವಂತೆ ಮಾಡಿದ್ದ, ಒಂದನ್ನೂ ಆಡಿರಲಿಲ್ಲ. ಮೊದಲ ಪರದೆ ಮೂಡಿ ಸಂಗೀತ ಕೇಳಿದೊಡನೆ ಅವನಿಗೆ ಕೃತಕೃತ್ಯತೆಯ ಭಾವ ಉಕ್ಕುತ್ತಿತ್ತು. ಆಟವನ್ನು ಅಲ್ಲಿಗೇ ಮುಚ್ಚಿ ಇನ್ನೊಂದನ್ನು ಹುಡುಕಿಕೊಂಡು ಹೋಗುತ್ತಿದ್ದ. ಕುದುರೆಗೆ ನೆರಳಿಲ್ಲವೆಂಬುದನ್ನು ಬಲ್ಲ. ಅದನ್ನು ಏರುವುದು ಹೇಗೆಂದು ಅರಿಯ. ಸಕಲ ಶಾಸ್ತ್ರಗಳ ಮಂಗಳಶ್ಲೋಕ ಮಾತ್ರ ಬಾಯಿಪಾಠ ಮಾಡಿಕೊಂಡ ಪಂಡಿತನ ಪಾಡು ಅವನದಾಗಿತ್ತು.

ಮೇಷ್ಟ್ರೊಬ್ಬರನ್ನು ಬಿಟ್ಟು ಎಲ್ಲರೂ ಕುಳಿತರು. ಅಜ್ಜಿ ಸೀಟಿ ಊದಿದಳು.

ಪೆಂಗ್ವಿನ್ ಸ್ಟೀರಿಂಗ್ ಮುಂದೆ ಕುಳಿತು ಯಾವುದೋ ಒಂದು ಪೆಡಲನ್ನು ತುಳಿದ. ಬಸ್ಸು ಗಕ್ಕನೆ ನೆಗೆದು ನಿಲ್ದಾಣದ ಕಂಬವೊಂದನ್ನು ಆಲಂಗಿಸಿತು.

“ತಾತ, ಇದರಲ್ಲಿ ಬ್ರೇಕ್ ಯಾವುದು?”

“ಓಡ್ತಿರೋವಾಗ ಡ್ರೈವರ್ ಜೊತೆ ಮಾತಾಡೋ ಹಾಗಿಲ್ಲ,” ಎಂದು ಚಾಲಕರು ಬಾಯಿಯ ಮೇಲೆ ಬೆರಳಿಟ್ಟರು.

ಬಸ್ಸು ಹಿಂದಕ್ಕೆ ಬಂದು ಹಣ್ಣಿನ ಅಂಗಡಿಯೊಂದನ್ನು ಹೊಕ್ಕು ಹಿತ್ತಿಲಿನಿಂದ ಹೊರಬಂತು. ಕಾರಂಜಿಯ ವೃತ್ತಕ್ಕೆ ಸಿಕ್ಕಿ, ಬಿಡಿಸಿಕೊಳ್ಳುವ ದಾರಿ ಕಾಣದೆ, ಭಕ್ತಿಯಿಂದ ಪ್ರದಕ್ಷಿಣೆ ಹಾಕತೊಡಗಿತು.

“ನನ್ನ ಸ್ಟಾಪು ಹೋಯ್ತು,” ಎಂದರು ಮೇಷ್ಟ್ರು. ಮುಂದಿನ ಸುತ್ತಿನಲ್ಲಿ, “ಮತ್ತೆ ಹೋಯ್ತು,” ಎಂದರು.

ದರ್ಜಿಗೆ ತಲೆ ಸುತ್ತಿ ಬಂದು ಅವನು ನಿಜವಾದ ಕಿಟಕಿಯಿಂದ ತಲೆ ಹೊರಹಾಕಿದ. ಪೆಂಗ್ವಿನ್ ಕಣ್ಣುಮುಚ್ಚಿ ಸ್ಟೀರಿಂಗನ್ನು ಒಂದೇ ಸಮನೆ ಎಳೆದ. ಬಸ್ಸು ವೃತ್ತ ಬಿಟ್ಟು, ಸೇತುವೆಯ ಕಟಕಟೆಯನ್ನು ಮುರಿದು, ಒಂದು ಗಳಿಗೆ ಆಕಾಶದಲ್ಲಿ ನಿಂತು ಯೋಚಿಸಿ, ನದಿಗೆ ಇಳಿಯಿತು. ಗುಳುಗುಳು ಎಂಬ ಶಬ್ದ ಅತ್ಯಂತ ಸ್ಪಷ್ಟವಾಗಿ ಕೇಳಿಸಿತು; ಧ್ವನಿಯ ವಿಷಯದಲ್ಲಿ ಪೆಂಗ್ವಿನ್ ಯಾವ ಕೊರತೆಯನ್ನೂ ಉಳಿಸಿರಲಿಲ್ಲ.

ಪ್ರಯಾಣಿಕರು ಎದ್ದು, ಹಿಂದಿನ ಬಾಗಿಲೆಂದು ಕರೆಯಲಾಗುತ್ತಿದ್ದ ಅಡುಗೆಮನೆಯ ಬಾಗಿಲಿನಿಂದ ಸಾಲಾಗಿ ಇಳಿದರು.

ಚಾಲಕರು ಪೆಂಗ್ವಿನ್‌ನನ್ನು ಭುಜ ಹಿಡಿದು ಎಬ್ಬಿಸಿ, ತಾವು ಕುಳಿತು, ಹೊಸ ಬಸ್ಸೊಂದನ್ನು ತೆಗೆದರು. ಅದು ತುಪ್ಪದ ಮೇಲೆ ಬೆರಳು ಜಾರಿದಂತೆ ಜಾರಿತು. ಜನರು ಮರಳಿ ಬಂದು ಕುಳಿತರು. ಮೇಷ್ಟ್ರು ತಮ್ಮ ನಿಲ್ದಾಣದಲ್ಲಿ ಇಳಿದು ಮನೆಗೆ ಹೋದರು. ಬೆಳಕಿರುವಾಗಲೇ ಬಸ್ಸು ಕೊನೆಯ ನಿಲ್ದಾಣದಲ್ಲಿ ಉಸಿರು ಬಿಟ್ಟು ನಿಂತಿತು.

“ಮುಟ್ತು! ಸರ್, ಮುಟ್ತು!” ಎಂದು ಪೆಂಗ್ವಿನ್ ಕುಣಿದ. “ಲಿನಕ್ಸಲ್ಲೇ ಮುಟ್ತು!”

“ಇದು ಎರಡನೇ ಓಟ ಕಣಯ್ಯಾ,” ಎಂದರು ಮಾಲೀಕರು. “ಮೊದಲನೇದು ನದೀಲಿದೆ.” ಆಮೇಲೆ ಮಾವನ ಕಡೆ ತಿರುಗಿ, “ಮಾವ, ಇದನ್ನ ತೆಗೆಸಿ ಹಳೇದನ್ನೇ ಹಾಕಿಸ್ಲಾ?” ಎಂದು ಕೇಳಿದರು.

“ಮುಟ್ಟಿದ್ರೆ ನೋಡು!” ಎಂದು ಚಾಲಕರು ಗುಡುಗಿದರು. “ಇಂಥ ಬಸ್ಸು ನನ್ನ ಜನ್ಮದಲ್ಲಿ ಓಡಿಸಿಲ್ಲ. ಇನ್ಮೇಲೆ ಈ ಮನೇಲಿ ಲಿನಕ್ಸೇ. ತಪ್ಪು ಬಸ್ಸಿನದಲ್ಲ, ಓಡಿಸಿದವನದು.”

“ನಮ್ಮ ಅಂಗಡಿ ಮಿಶನ್ನಿಗೂ ಇದನ್ನೇ ಹಾಕಿಸ್ಬೇಕು,” ಎಂದ ದರ್ಜಿ.

“ನಂಗೂ,” ಎಂದಳು ಅಕ್ಕ.

ಹೀಗೆ ಒಂದೇ ದಿನದಲ್ಲಿ ಬೀದಿಗೆ ಬೀದಿಯೇ ಲಿನಕ್ಸಿಗೆ ಶರಣಾಯಿತು. ಅದನ್ನು ಕಳೆದುಕೊಳ್ಳಬೇಕಾದವನು ಒಬ್ಬನೇ. ಮಾಲೀಕರು ಆ ಪ್ರತಿಜ್ಞೆಯನ್ನು ಮರೆಯುವವರಲ್ಲ. ದೀಪ ಹಚ್ಚುವ ಹೊತ್ತಿಗೆ ಪೆಂಗ್ವಿನ್‌ನ ಮನೆಗೆ ಬಂದು, ಅವನಿಂದಲೇ ಗುಂಡಿಗಳನ್ನು ಒತ್ತಿಸಿ, ‘ಅದನ್ನು’ ಪ್ರತಿಷ್ಠಾಪಿಸಿ, ಒಂದು ಲೋಟ ನೀರು ಕುಡಿದು ಹೊರಟರು.

ಹೆಂಡತಿ ಪಕ್ಕದಲ್ಲಿ ಬಂದು ಕುಳಿತಳು. “ಹೋಗ್ಲಿ ಬಿಡಿ. ಆ ಗುಂಡು ಹಾರಿಸೋ ಆಟದವರು ಒಳಗೇ ಬಿಡಲ್ಲ ಅಂತ ಕೊರಗ್ತಿದ್ರಲ್ಲ, ಈಗ ಬಿಡಬಹುದು. ತೆಗೀರಿ ನೋಡೋಣ.”

ಪೆಂಗ್ವಿನ್ ಆಟವನ್ನು ಇಳಿಸಿಕೊಂಡು ಒತ್ತಿದ. ದುಭಾಷಿಯಿಲ್ಲ, ಕಪ್ಪು ಪರದೆಯಿಲ್ಲ, ತಿದ್ದಬೇಕಾದ ಒಂದು ಸಾಲೂ ಇಲ್ಲ. ಕಣ್ಣು ಮಿಟುಕಿಸುವುದರೊಳಗೆ ಪರದೆ ಬೆಳಗಿತು, ಸಂಗೀತ ಮೊಳಗಿತು, ಎಲ್ಲರ ತಲೆಗಳೂ ಕತ್ತಿನ ಮೇಲೆಯೇ ಇದ್ದವು. ಕಾವಲುಗಾರ ಬಾಗಿಲನ್ನು ಪೂರ್ತಿಯಾಗಿ ತೆರೆದು ನಿಂತಿದ್ದ.

ಅವನು ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದ.

“ಶುರುವಾಯ್ತಲ್ಲ, ಇನ್ನೇನು?” ಎಂದಳು ಹೆಂಡತಿ.

“ಅದೇ ಕಣೇ,” ಎಂದ ಪೆಂಗ್ವಿನ್, ಅಳುವ ದನಿಯಲ್ಲಿ. “ಶುರುವಾದ ಮೇಲೆ ಏನು ಮಾಡ್ತಾರೆ?”